ಬಣ್ಣ ಬಳಿಯುವ ಮುನ್ನ

ಗೊಂಬೆಯಿಲ್ಲದ ಬಾಲ್ಯವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಕೆರೆಯಂಗಳದ ಎರೆಮಣ್ಣು ತಂದು ಜೋಡೆತ್ತು ಮಾಡಿ, ಅವುಗಳ ಕಣ್ಣಿಗೆ ಕಾಳು ಒತ್ತಿ ಸಂಭ್ರಮಿಸಿದವರಲ್ಲಿ ನಾವೂ ಒಬ್ಬರು. ಆದರೆ ಎಸ್.ಎಸ್.ಎಲ್.ಸಿ. ಓದುತ್ತಿರುವ ಹುಡುಗನೊಬ್ಬನು ಪುಸ್ತಕವನ್ನು ಬದಿಗಿರಿಸಿ ಗೊಂಬೆಯ ಮುಂದೆ ಕುಳಿತನೆಂದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ನಾವೂ ಗಂಟಿಕ್ಕಿದ್ದೆವು. ಆ ಗಂಟು ಸಡಿಲಿದ ಬಗೆಯನ್ನೂ, ಆ ನೆಪದಿಂದ ನಮಗೆ ತಿಳಿದುಬಂದ ಒಂದು ಹೊಸ ವಿದ್ಯೆಯ ವಿವರವನ್ನೂ ವಾಚಕರ ಮುಂದಿರಿಸುವುದು ಈ ಲೇಖನದ ಉದ್ದೇಶ.

ಕಳೆದ ದಸರೆಯ ಸೂಟಿಯಲ್ಲಿ ಧಾರವಾಡದ ನಮ್ಮ ಅಣ್ಣನವರ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆವು. ಎರಡನೆಯ ದಿನ ಬೆಳಿಗ್ಗೆ ಅಣ್ಣನವರ ಮೊಮ್ಮಗನು ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತಿದ್ದನು. ಅವನೆದುರಿಗೆ ಅರ್ಧ ಗೇಣೂ ಎತ್ತರವಿಲ್ಲದ ನಾಲ್ವರು ಪ್ಲಾಸ್ಟಿಕ್ ಯೋಧರು. ಅಟ್ಟದ ಟ್ರಂಕಿನಲ್ಲಿ ಸಿಕ್ಕವುಗಳಂತೆ. ಒಬ್ಬನ ಸೊಂಟ ಕಳಚಿ ಕಾಲುಗಳು ಬೇರೆಯಾಗಿದ್ದವು, ಮತ್ತೊಬ್ಬನಿಗೆ ಹೆಬ್ಬೆರಳಿರಲಿಲ್ಲ, ಇನ್ನೊಬ್ಬನ ಮೈಮೇಲಿನ ಬಣ್ಣವನ್ನೆಲ್ಲ ಹಿಂದಿನ ದಿನವೇ ಉಜ್ಜಿ ತೆಗೆದಿದ್ದನು. ಪಕ್ಕದಲ್ಲಿ ಸಣ್ಣ ಕುಂಚಗಳು, ಬಣ್ಣದ ಕುಪ್ಪಿಗಳು, ಒಂದು ಬಟ್ಟಲಿನಲ್ಲಿ ಸ್ಪಿರಿಟ್ಟು. ಅವನ ತಂದೆ, ಅಂದರೆ ನಮ್ಮ ಅಣ್ಣನವರ ಮಗ, ಕಚೇರಿಗೆ ಹೊರಡುವ ಅವಸರದಲ್ಲಿದ್ದವನು ಇದನ್ನು ಕಂಡು, "ಪರೀಕ್ಷೆ ತಲೆಯ ಮೇಲೆ ಬಂದು ನಿಂತಿದೆ, ಇವನಿಗೆ ಗೊಂಬೆಯ ಸಿಂಗಾರ" ಎಂದು ಗದರಿ ಹೊರಟುಹೋದನು. ಹುಡುಗನು ತಲೆಯೆತ್ತಲಿಲ್ಲ. ತಂದೆ ಮಗನ ನಡುವೆ ನೆಟ್ಟಗೆ ಮಾತು ನಡೆದು ಕೆಲವು ತಿಂಗಳುಗಳೇ ಆದವೆಂದು ಅತ್ತಿಗೆಯವರು ಆಮೇಲೆ ನಮಗೆ ಹೇಳಿದರು.

ಗದರುವುದು ಸುಲಭ, ತಿಳಿಯುವುದು ಕಷ್ಟ. ನಾವು ಮಣೆ ಹಾಕಿಕೊಂಡು ಅವನ ಬಳಿ ಕುಳಿತು, "ಇದೇನು, ನಮಗೂ ಹೇಳು" ಎಂದೆವು. ಅವನು ಹೇಳತೊಡಗಿದನು.

ಕೀಲುಗೊಂಬೆಯ ಕುಲಕಥೆ

ಕೈಕಾಲು ಬಾಗಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದಾದ ಈ ಗೊಂಬೆಗಳಿಗೆ ಆಕ್ಷನ್ ಫಿಗರ್ ಎಂಬ ಹೆಸರು ಬಂದುದು ಅಮೆರಿಕದಲ್ಲಿ, 1964ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1959ರಲ್ಲಿ, ಮ್ಯಾಟೆಲ್ ಕಂಪನಿಯು ಬಾರ್ಬಿ ಗೊಂಬೆಯನ್ನು ಪೇಟೆಗೆ ತಂದಿತ್ತು. ಗೊಂಬೆಯನ್ನು ಒಮ್ಮೆ ಕೊಂಡವರು ಅದರ ಉಡುಗೆ ತೊಡುಗೆಗಳನ್ನು ಮತ್ತೆ ಮತ್ತೆ ಕೊಳ್ಳುವರೆಂಬುದು ಆ ವ್ಯಾಪಾರದ ಗುಟ್ಟು. ಹುಡುಗರಿಗೂ ಅಂಥದೊಂದನ್ನು ಏಕೆ ಮಾಡಬಾರದೆಂಬ ವಿಚಾರವನ್ನು ಸ್ಟ್ಯಾನ್ ವೆಸ್ಟನ್ ಎಂಬವರು ಹ್ಯಾಸ್‌ಬ್ರೋ ಕಂಪನಿಯ ಮುಂದಿಟ್ಟರು. ಅಲ್ಲಿಯ ಡಾನ್ ಲೆವಿನ್ ಎಂಬವರು ಅದನ್ನು ರೂಪಕ್ಕೆ ತಂದರು. ಚಿತ್ರಕಾರರು ಎದುರಿಗಿಟ್ಟುಕೊಂಡು ಬರೆಯುವ ಕೀಲುಳ್ಳ ಮರದ ಬೊಂಬೆಯೇ ಅವರಿಗೆ ಮಾದರಿಯಾಯಿತು. ಹೀಗೆ ಹುಟ್ಟಿದ 'ಜಿ.ಐ. ಜೋ' ಎಂಬ ಸೈನಿಕನು ಹೆಚ್ಚು ಕಡಿಮೆ ಒಂದು ಅಡಿ ಎತ್ತರದವನು. ಅವನ ಮೈಯಲ್ಲಿ 21 ಚಲಿಸುವ ಭಾಗಗಳು. 'ಗೊಂಬೆ' ಎಂದರೆ ಗಂಡುಹುಡುಗರು ಮುಟ್ಟಲಾರರೆಂದು ಅಂಜಿ ಕಂಪನಿಯು ಈ ಹೊಸ ಹೆಸರನ್ನು ಕಟ್ಟಿತು. ನಮ್ಮ ಹಳೆಯ 'ಕೀಲುಗೊಂಬೆ' ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುವುದೆಂದು ನಮಗೆ ತೋರುತ್ತದೆ.

ಆ ಮೊದಲ ಸೈನಿಕನ ಕೈಯಲ್ಲಿ ಒಂದು ವಿಚಿತ್ರವಿತ್ತು. ಬಲಗೈ ಹೆಬ್ಬೆರಳಿನ ಉಗುರು ಮೇಲುಬದಿಗಿರದೆ ಒಳಬದಿಗೆ ಮೂಡಿತ್ತು. ಅದು ಅಚ್ಚಿನಲ್ಲಿ ನಡೆದ ತಪ್ಪು. ಕಂಪನಿಯವರು ಅದನ್ನು ತಿದ್ದಲಿಲ್ಲ. ಬೇರೆಯವರು ನಕಲು ಮಾಡಿದರೆ ಈ ತಪ್ಪನ್ನೂ ಕೂಡಿಯೇ ನಕಲು ಮಾಡಿ ಸಿಕ್ಕಿಬೀಳುವರೆಂದು ಹಾಗೆಯೇ ಉಳಿಸಿಕೊಂಡರು. ಈ ಮಾತು ಕೇಳಿ ನಮ್ಮ ಕಿವಿ ನೆಟ್ಟಗಾಯಿತು. ಏಕೆಂಬುದನ್ನು ಮುಂದೆ ಹೇಳುವೆವು.

1970ರ ದಶಕದಲ್ಲಿ ಕಚ್ಚಾ ಎಣ್ಣೆಯ ಬೆಲೆ ಏರಿ, ಎಣ್ಣೆಯಿಂದ ಆಗುವ ಪ್ಲಾಸ್ಟಿಕ್ಕೂ ದುಬಾರಿಯಾಯಿತು. ಒಂದಡಿಯ ಸೈನಿಕನ ತಯಾರಿಕೆ ಅಮೆರಿಕದಲ್ಲಿ 1976ರ ಹೊತ್ತಿಗೆ ನಿಂತುಹೋಯಿತು. ಗೊಂಬೆಗಳು ಕಿರಿದಾಗತೊಡಗಿದವು. ಜಪಾನಿನ ಟಕಾರಾ ಕಂಪನಿಯು 1974ರಲ್ಲಿಯೇ 'ಮೈಕ್ರೋಮ್ಯಾನ್' ಎಂಬ ಪುಟ್ಟ ಕೀಲುಗೊಂಬೆಗಳನ್ನು ತಂದಿತ್ತು. 1978ರಲ್ಲಿ ಕೆನ್ನರ್ ಕಂಪನಿಯು 'ಸ್ಟಾರ್ ವಾರ್ಸ್' ಚಲನಚಿತ್ರದ ಪಾತ್ರಗಳನ್ನು ಮೂರೂಮುಕ್ಕಾಲು ಅಂಗುಲದ ಅಳತೆಯಲ್ಲಿ ಮಾರಿ ದೊಡ್ಡ ಗೆಲುವು ಪಡೆಯಿತು. 1982ರಲ್ಲಿ ಜಿ.ಐ. ಜೋ ಅದೇ ಅಳತೆಗೆ ಇಳಿದು ಮರಳಿ ಬಂದನು. ಈಗ ಅವನು ಒಬ್ಬನಲ್ಲ, ಒಂದು ಪಡೆ. ಪ್ರತಿಯೊಬ್ಬ ಯೋಧನ ರಟ್ಟಿನ ಹಿಂಬದಿಯಲ್ಲಿ ಅವನ ಹೆಸರು, ಊರು, ಸ್ವಭಾವಗಳ ಒಂದು ಕಿರು ಚರಿತ್ರೆ ಮುದ್ರಿತವಾಗಿರುತ್ತಿತ್ತು. ಅವುಗಳಲ್ಲಿ ಹೆಚ್ಚಿನವನ್ನು ಬರೆದವರು ಲ್ಯಾರಿ ಹಾಮಾ, ಸ್ವತಃ ಸೈನ್ಯದಲ್ಲಿ ದುಡಿದವರು. 1987ರಲ್ಲಿ ಕಂಪನಿಯು ಮಗುವಿನ ವಿವರಗಳನ್ನು ಅಂಚೆಯಲ್ಲಿ ತರಿಸಿಕೊಂಡು, ಆ ಮಗುವಿನ ಹೆಸರಿನಲ್ಲೇ ಚರಿತ್ರೆಯನ್ನು ಅಚ್ಚು ಹಾಕಿ ಒಬ್ಬ ಯೋಧನೊಡನೆ ಕಳುಹಿಸುವ ಏರ್ಪಾಡನ್ನೂ ಮಾಡಿತು. ಆಟಿಕೆಯನ್ನು ತನ್ನದಾಗಿಸಿಕೊಳ್ಳುವ ಆಸೆ ಮಗುವಿನಲ್ಲಿದೆ ಎಂಬುದನ್ನು ವ್ಯಾಪಾರಿಗಳು ಅರಿತಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಅದೇ 1987ರಲ್ಲಿ ನಮ್ಮ ದೇಶದ ಎಂ.ಆರ್.ಎಫ್. ಮತ್ತು ಅಮೆರಿಕದ ಹ್ಯಾಸ್‌ಬ್ರೋ ಕೂಡಿ ಫನ್‌ಸ್ಕೂಲ್ ಎಂಬ ಕಂಪನಿಯನ್ನು ಕಟ್ಟಿದವು. ಗೋವೆಯಲ್ಲಿ ಅದರ ಕಾರ್ಖಾನೆ. ಮುಂದೆ 2000ದ ದಶಕದ ಮೊದಲ ವರ್ಷಗಳವರೆಗೆ ಈ ಕಂಪನಿಯು ಜಿ.ಐ. ಜೋ ಯೋಧರನ್ನು ಭಾರತದಲ್ಲಿ ತಯಾರಿಸಿ ಮಾರಿತು. 1991ರಲ್ಲಿ ನಮ್ಮ ಅಣ್ಣನವರು ಹುಬ್ಬಳ್ಳಿಯ ಪೇಟೆಯಿಂದ ತಮ್ಮ ಒಂಬತ್ತು ವರ್ಷದ ಮಗನಿಗೆ ತಂದುಕೊಟ್ಟವು ಇವೇ.

ಒಳಗಿನ ಉಂಗುರ, ಹೊರಗಿನ ಬಣ್ಣ

ಹುಡುಗನು ಒಬ್ಬ ಯೋಧನನ್ನು ಬೋರಲು ಹಾಕಿ ಬೆನ್ನ ನಡುವಿನ ಒಂದೇ ಒಂದು ತಿರುಪನ್ನು ಬಿಚ್ಚಿದನು. ಎದೆ ಮತ್ತು ಬೆನ್ನು ಎರಡು ಚಿಪ್ಪುಗಳಂತೆ ಬೇರೆಯಾದವು. ತಲೆಯೂ ತೋಳುಗಳೂ ತಾವಾಗಿಯೇ ಕಳಚಿಕೊಂಡವು. ಒಳಗೆ ಒಂದು ರಬ್ಬರಿನ ಉಂಗುರ. ಕಾಲುಗಳನ್ನು ಕೂಡಿಸುವ ಲೋಹದ ಕೊಕ್ಕೆಗೆ ಆ ಉಂಗುರವು ಸಿಕ್ಕಿ, ಸೊಂಟದೊಳಗಿಂದ ಹಾದು, ಮೇಲಿನ ಮೈಗೆ ಕಾಲುಗಳನ್ನು ಬಿಗಿದು ಹಿಡಿಯುತ್ತದೆ. ಯೋಧನು ಬಾಗುವುದು, ತಿರುಗುವುದು, ಕೂರುವುದು ಎಲ್ಲವೂ ಆ ಉಂಗುರದ ಎಳೆತದಿಂದಲೇ. ಮೂವತ್ತು ವರ್ಷಗಳಾದರೆ ರಬ್ಬರು ಒಣಗಿ ತುಂಡಾಗುತ್ತದೆ. ಪ್ಲಾಸ್ಟಿಕ್ಕು ಗಟ್ಟಿಯಾಗಿಯೇ ಇದ್ದರೂ ಯೋಧನು ಎರಡಾಗಿ ಬೀಳುತ್ತಾನೆ. ಅದೇ ಅಳತೆಯ ಉಂಗುರವು ನಲ್ಲಿ ದುರಸ್ತಿಯ ಸಾಮಾನು ಮಾರುವ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವುದೆಂದೂ, ಹಾಕಿದರೆ ಗೊಂಬೆ ಎದ್ದು ನಿಲ್ಲುವುದೆಂದೂ ಹುಡುಗನು ಹೇಳಿದನು.

ಬಣ್ಣದ ಕೆಲಸ ಇದಕ್ಕಿಂತ ನಾಜೂಕಾದುದು. ಮೊದಲು ಗೊಂಬೆಯ ಭಾಗಗಳನ್ನು ಸಾಬೂನಿನ ನೀರಿನಿಂದ ತೊಳೆಯಬೇಕು. ಅಚ್ಚಿನ ಜಿಡ್ಡು, ಕೈಯ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಕೀಲುಗಳು ಒಂದಕ್ಕೊಂದು ತಾಗುವೆಡೆಯಲ್ಲಿ ನುಣುಪು ಉಜ್ಜುಕಾಗದದಿಂದ ಕೂದಲೆಳೆಯಷ್ಟು ತೆಗೆಯಬೇಕು. ಇಲ್ಲವಾದರೆ ಮೊದಲ ಸಲ ಮೊಣಕೈ ಮಡಿಸಿದೊಡನೆಯೇ ಹೊಸ ಬಣ್ಣ ಸುಲಿದುಬರುತ್ತದೆ. ಗೋಡೆಗೆ ಬಣ್ಣ ಬಳಿಯುವುದಕ್ಕೂ ಕೀಲುಗೊಂಬೆಗೆ ಬಣ್ಣ ಬಳಿಯುವುದಕ್ಕೂ ಇರುವ ಅಂತರವೇ ಇದು: ಇದು ಚಲಿಸುವ ಮೈ. ಆಮೇಲೆ ತೆಳುವಾದ ಅಸ್ತರಿ ಬಣ್ಣ, ಅದು ಆರಿದ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ. ದಪ್ಪಗೆ ಒಂದು ಲೇಪ ಕೊಡುವ ಬದಲು ತೆಳ್ಳಗೆ ನಾಲ್ಕು ಲೇಪ ಕೊಡಬೇಕು. ದಪ್ಪ ಬಣ್ಣವು ಮುಖದ ಗೆರೆಗಳನ್ನು ಮುಚ್ಚಿಬಿಡುತ್ತದೆ. ಒಂದೊಂದು ಲೇಪವೂ ಪೂರ್ತಿ ಆರುವವರೆಗೆ ಕಾಯಬೇಕು. ಉಡುಪಿನ ಮಡಿಕೆಗಳಿಗೆ ಬಹಳ ನೀರಾದ ಕಪ್ಪನ್ನು ಹರಿಯಬಿಟ್ಟರೆ ನೆರಳು ಮೂಡುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ಒಣಬಣ್ಣವನ್ನು ಉಬ್ಬುಗಳ ಮೇಲೆ ಹಗುರಾಗಿ ಸವರಿದರೆ ಬೆಳಕು ಮೂಡುತ್ತದೆ. ಕಣ್ಣನ್ನು ಮಾತ್ರ ಕಡೆಗೆ ಬರೆಯಬೇಕು: ಬಿಳಿಯ ಮೇಲೆ ಕಡ್ಡಿಯ ತುದಿಯಿಂದ ಒಂದು ಕಪ್ಪು ಚುಕ್ಕೆ. ಆ ಕ್ಷಣ ಉಸಿರು ಬಿಗಿಹಿಡಿಯಬೇಕು. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷಿನ ಒಂದು ಹೊದಿಕೆ.

ಮುರಿದ ಬೆರಳನ್ನು ಎರಡು ಬಗೆಯ ಎಪಾಕ್ಸಿ ಮೇಣಗಳನ್ನು ನಾದಿ, ಸೂಜಿಯಿಂದ ತಿದ್ದಿ ಹೊಸದಾಗಿ ಮಾಡುವರು. ಒಂದು ಗೊಂಬೆಯ ತಲೆಯನ್ನು ಇನ್ನೊಂದರ ಮೈಗೆ ಕೂಡಿಸಿ, ಯಾವ ಕಂಪನಿಯೂ ಮಾಡದ ಮೂರನೆಯದೊಂದು ಪಾತ್ರವನ್ನು ಸೃಷ್ಟಿಸುವರು. ಅಮೆರಿಕ, ಜಪಾನುಗಳಲ್ಲಿ ಇದನ್ನೇ ವೃತ್ತಿಯಾಗಿಸಿಕೊಂಡವರಿದ್ದಾರೆ. ಪರೀಕ್ಷೆಯ ಪುಸ್ತಕದ ಮುಂದೆ ಅರ್ಧ ಗಂಟೆ ಕೂರಲಾರನೆಂದು ಎಲ್ಲರೂ ದೂರುತ್ತಿದ್ದ ಹುಡುಗನು ಇಷ್ಟನ್ನೂ ಒಂದು ತಾಸು ಕದಲದೆ ಕುಳಿತು ನಮಗೆ ತಿಳಿಯಹೇಳಿದನು.

ಹಣೆಯ ಮೇಲಿನ ಮೂರು ಗೆರೆ

ಆಮೇಲೆ ಅವನು ನಾಲ್ಕನೆಯ ಯೋಧನನ್ನು ಕೈಗೆತ್ತಿಕೊಂಡು, ತನ್ನ ಮೊಬೈಲಿನಲ್ಲಿ ಅದೇ ಯೋಧನ ಅಮೆರಿಕದ ಚಿತ್ರವನ್ನು ತೋರಿಸಿದನು. ಅಚ್ಚು ಒಂದೇ, ಬಣ್ಣ ಮಾತ್ರ ಬೇರೆ. "ನಮ್ಮಲ್ಲಿ ತಪ್ಪು ಬಣ್ಣ ಹಾಕಿದ್ದಾರೆ, ಅಜ್ಜಾ. ಇದನ್ನು ಪೂರ್ತಿ ಅಳಿಸಿ ಅಸಲಿನ ಹಾಗೆ ಮಾಡುತ್ತೇನೆ. ಹಣೆಗೆ ಯಾರೋ ಸುಣ್ಣ ಬೇರೆ ಸಿಡಿಸಿದ್ದಾರೆ" ಎಂದು ಗೊಂಬೆಯನ್ನು ಸ್ಪಿರಿಟ್ಟಿನ ಬಟ್ಟಲಿನ ಮೇಲೆ ಹಿಡಿದನು.

"ತಡೆ" ಎಂದೆವು. ಓಲೆಗರಿಗಳನ್ನು ಓದಲೆಂದು ನಾವು ಸದಾ ಜೊತೆಯಲ್ಲಿಟ್ಟುಕೊಳ್ಳುವ ಭೂತಗನ್ನಡಿಯನ್ನು ತಂದು ಆ ಉಗುರಿನಷ್ಟಗಲದ ಮುಖವನ್ನು ನೋಡಿದೆವು. ಹಣೆಯ ಮೇಲಿದ್ದುದು ಸಿಡಿದ ಸುಣ್ಣವಲ್ಲ. ಹಳದಿಗಟ್ಟಿದ ಬಿಳಿಯ ಎಣ್ಣೆಬಣ್ಣದಲ್ಲಿ, ಒಂದರ ಕೆಳಗೊಂದರಂತೆ, ಸ್ವಲ್ಪ ಸೊಟ್ಟಗೆ ಎಳೆದ ಮೂರು ಗೆರೆಗಳು. ವಿಭೂತಿ!

ಅತ್ತಿಗೆಯವರನ್ನು ಕರೆದು ತೋರಿಸಿದೆವು. ಅವರು ಕನ್ನಡಿಯಲ್ಲಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. 1991ರಲ್ಲಿ ಮನೆಯ ಮದುವೆಗೆಂದು ಕಿಟಕಿ ಬಾಗಿಲುಗಳಿಗೆ ಬಣ್ಣ ಹಚ್ಚಿಸಿದ್ದರು. ಡಬ್ಬಿಯ ತಳದಲ್ಲಿ ಉಳಿದ ಬಿಳಿಯನ್ನು ಕಸಬರಿಗೆ ಕಡ್ಡಿಯಲ್ಲಿ ಅದ್ದಿಕೊಂಡು ಅವರ ಮಗ ಇಡೀ ಮಧ್ಯಾಹ್ನ ಹಿತ್ತಲಲ್ಲಿ ಕುಳಿತಿದ್ದನು. ಏನು ಮಾಡುತ್ತಿರುವೆ ಎಂದು ಕೇಳಿದರೆ, "ಯುದ್ಧಕ್ಕೆ ಹೋಗುವವರು ಬರಿಹಣೆಯಲ್ಲಿ ಹೋಗಬಾರದು, ಅವ್ವಾ" ಎಂದಿದ್ದನಂತೆ. ಹೊಸ ಆಟಿಕೆಯನ್ನು ಕೆಡಿಸಿದನೆಂದು ನಮ್ಮ ಅಣ್ಣನವರು ಅಂದು ಅವನಿಗೆ ಎರಡೇಟು ಹಾಕಿದ್ದರು. ಈಗ ಅಲ್ಲಿಯೇ ಆರಾಮ ಕುರ್ಚಿಯಲ್ಲಿದ್ದ ಅಣ್ಣನವರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ಹುಡುಗನ ಮುಖ ಬಾಡಿತು. ಅವನ ಕಣ್ಣು ತಾನು ಹಿಂದಿನ ದಿನ ಉಜ್ಜಿ ಬರಿದಾಗಿಸಿದ ಯೋಧನ ಮೇಲೆ ನಿಂತಿತ್ತು. "ಇದರ ಹಣೆಯ ಮೇಲೂ ಬಿಳಿ ಇತ್ತು" ಎಂದನು.

ಓಲೆಗರಿ ಕಲಿಸಿದ ಪಾಠ

ಆಗ ನಾವು ನಮ್ಮದೇ ಒಂದು ಅಪರಾಧವನ್ನು ಅವನಿಗೆ ಹೇಳಬೇಕಾಯಿತು. ವಾಚಕರಿಗೂ ಹೇಳುವೆವು.

ನಾವು ಮಠದಲ್ಲಿ ಓದುತ್ತಿದ್ದ ದಿನಗಳು. ಇಪ್ಪತ್ತೆರಡರ ವಯಸ್ಸು, ನಾಲ್ಕು ಅಕ್ಷರ ಬಂದಿತೆಂಬ ಗರ್ವ. ಗುರುಗಳು ಒಂದು ತಾಳೆಯೋಲೆಯ ಕಟ್ಟನ್ನು ಪ್ರತಿ ಮಾಡಲು ಕೊಟ್ಟಿದ್ದರು. ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಕಾಡಿಗೆಯ ಮಸಿ ತಿಕ್ಕಿ ಒರೆಸಿದರೆ ಕೊರೆದ ಅಕ್ಷರಗಳು ಕಪ್ಪಾಗಿ ಎದ್ದು ಕಾಣುವವು. ಒಂದು ಗರಿಯಲ್ಲಿ ನಮಗೊಂದು ಅಕ್ಷರ ತಪ್ಪೆನಿಸಿತು. ನಮ್ಮ ಪ್ರತಿಯಲ್ಲಿ ತಿದ್ದಿಕೊಂಡಿದ್ದರೆ ಸಾಕಿತ್ತು. ನಾವು ಕಂಠವನ್ನು ಕೈಗೆತ್ತಿಕೊಂಡು ಗರಿಯ ಮೇಲೆಯೇ ಹಳೆಯ ಅಕ್ಷರವನ್ನು ಕೆರೆದು ಹೊಸದನ್ನು ಕೊರೆದೆವು. ಗುರುಗಳು ನೋಡಿದರು, ಬೈಯಲಿಲ್ಲ. "ಬರೆದವನನ್ನು ಇನ್ನು ಕೇಳುವ ಹಾಗಿಲ್ಲವಲ್ಲ" ಎಂದಷ್ಟೇ ಅಂದರು. ಹನ್ನೊಂದು ವರ್ಷಗಳ ತರುವಾಯ ಬೇರೊಂದು ಊರಿನಲ್ಲಿ ಅದೇ ಗ್ರಂಥದ ಮತ್ತೊಂದು ಪ್ರತಿ ದೊರೆಯಿತು. ಅದರಲ್ಲಿಯೂ ನಾವು ಕೆರೆದು ತೆಗೆದ ಅಕ್ಷರವೇ ಇದ್ದಿತು. ಅರ್ಥವೂ ಅದರಿಂದಲೇ ಕೂಡಿಬಂದಿತು. ತಪ್ಪು ಓಲೆಯದಾಗಿರಲಿಲ್ಲ, ನಮ್ಮದಾಗಿತ್ತು. ಆ ಗರಿಯ ಗಾಯ ಇಂದಿಗೂ ಹಾಗೆಯೇ ಇದೆ.

ಗ್ರಂಥಸಂಪಾದನೆಯಲ್ಲಿ ಒಂದು ಪ್ರತಿಗೂ ಇನ್ನೊಂದಕ್ಕೂ ಇರುವ ಭೇದವನ್ನು ತಪ್ಪೆಂದು ಅಳಿಸುವುದಿಲ್ಲ. ಪಾಠಾಂತರವೆಂದು ಅಡಿಯಲ್ಲಿ ಬರೆದಿಡುತ್ತೇವೆ. ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬುದನ್ನು ಅವುಗಳಲ್ಲಿ ಸಮಾನವಾಗಿರುವ ತಪ್ಪುಗಳಿಂದಲೇ ಗುರುತಿಸುತ್ತೇವೆ. ಹೆಬ್ಬೆರಳಿನ ಒಳಬದಿಯ ಉಗುರಿನ ಸಂಗತಿ ಕೇಳಿ ನಮ್ಮ ಕಿವಿ ನೆಟ್ಟಗಾದುದು ಇದಕ್ಕಾಗಿಯೇ. ಭಾರತದ ಜಿ.ಐ. ಜೋ ಯೋಧರ ಬೇರೆ ಬಣ್ಣವೂ ಒಂದು ಪಾಠಾಂತರವೇ. ಹುಡುಗನೇ ತನ್ನ ಮೊಬೈಲಿನಲ್ಲಿ ಮತ್ತಷ್ಟು ಹುಡುಕಿ ನೋಡಿದನು. ಅವನು ತಪ್ಪೆಂದ ಆ ಬಣ್ಣಕ್ಕಾಗಿಯೇ ಹೊರದೇಶಗಳ ಸಂಗ್ರಾಹಕರು ಫನ್‌ಸ್ಕೂಲಿನ ಹಳೆಯ ಯೋಧರನ್ನು ಹುಡುಕಿ ಕೊಳ್ಳುವರೆಂದು ತಿಳಿಯಿತು. ಮೂರು ಗೆರೆಯ ಪಾಠಾಂತರವಾದರೋ ಜಗತ್ತಿನಲ್ಲಿ ಇನ್ನೊಂದಿರಲಾರದು.

ಸಂಜೆ ತಂದೆ ಮನೆಗೆ ಬಂದನು. ಹುಡುಗನು ಏನೂ ಹೇಳದೆ ಯೋಧನನ್ನೂ ಭೂತಗನ್ನಡಿಯನ್ನೂ ಅವನ ಕೈಗಿತ್ತನು. ದೀಪದ ಕೆಳಗೆ ಅವನು ಬಹಳ ಹೊತ್ತು ನೋಡಿದನು. ಆಮೇಲೆ ಹುಡುಗನು ಅಳುಕುತ್ತ, ಇನ್ನೊಂದನ್ನು ತಾನು ಅಳಿಸಿಬಿಟ್ಟೆನೆಂದು ಒಪ್ಪಿಕೊಂಡನು. "ಹೋಗಲಿ ಬಿಡು. ನಿನಗೆ ಗೊತ್ತಿರಲಿಲ್ಲ, ನನಗೂ ನೆನಪಿರಲಿಲ್ಲ" ಎಂದು ತಂದೆ ಕಚೇರಿಯ ಅಂಗಿಯಲ್ಲಿಯೇ ಆ ಪತ್ರಿಕೆಯ ಮೇಲೆ ಕುಳಿತನು. "ಇದರ ಸೊಂಟ ಹೇಗೆ ಕೂಡಿಸುತ್ತೀ, ತೋರಿಸು" ಎಂದನು. ಅಂದು ರಾತ್ರಿ ಊಟಕ್ಕೆ ಅವರಿಬ್ಬರನ್ನು ಮೂರು ಸಲ ಕರೆಯಬೇಕಾಯಿತು.

ಮೂರು ಗೆರೆಯ ಯೋಧನಿಗೆ ಹೊಸ ಉಂಗುರವನ್ನಷ್ಟೇ ಹಾಕಿದರು, ಬಣ್ಣಕ್ಕೆ ಕೈಹಚ್ಚಲಿಲ್ಲ. ಬಣ್ಣ ಕಳೆದುಕೊಂಡವನಿಗೆ ಹುಡುಗನು ತನ್ನ ಮನಸ್ಸಿನ ಬಣ್ಣವನ್ನು ನಾಲ್ಕು ತೆಳು ಲೇಪಗಳಲ್ಲಿ ಕೊಟ್ಟನು. ಬಹಳ ಚೆನ್ನಾಗಿ ಬಂದಿದೆ. ಅದರ ಹಣೆಯ ಮೇಲೂ ಮೂರು ಗೆರೆ ಎಳೆಯಬಾರದೇ ಎಂದು ಅತ್ತಿಗೆಯವರು ಕೇಳಿದರು. "ನಾನು ಎಳೆದರೆ ಅದು ಅಪ್ಪ ಎಳೆದದ್ದು ಆಗುವುದಿಲ್ಲ, ಅಜ್ಜೀ" ಎಂದು ಹುಡುಗನು ಅದನ್ನು ಬರಿಹಣೆಯಾಗಿಯೇ ಬಿಟ್ಟನು. ನಾವು ಇಪ್ಪತ್ತೆರಡರಲ್ಲಿ ಅರಿಯದುದನ್ನು ಅವನು ಹದಿನೈದರಲ್ಲಿ ಅರಿತನು.

ತಾಯ್ತಂದೆಗಳಿಗೆ ಎರಡು ಮಾತು

ಮಕ್ಕಳು ಈ ಹವ್ಯಾಸವನ್ನು ಹಿಡಿದರೆ ಹೆದರಬೇಕಾದುದಿಲ್ಲ. ಆದರೆ ಕೆಲವು ಎಚ್ಚರಿಕೆಗಳು ಬೇಕು. ಉಜ್ಜುವಾಗ ಏಳುವ ಪ್ಲಾಸ್ಟಿಕ್ಕಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗು ಬಾಯಿಗಳಿಗೆ ಮುಖಗವಸಿರಲಿ, ನೀರು ಹಚ್ಚಿಕೊಂಡು ಉಜ್ಜಿದರೆ ಇನ್ನೂ ಲೇಸು. ಸಿಂಪಡಿಸುವ ಬಣ್ಣ, ವಾರ್ನಿಷುಗಳನ್ನು ಗಾಳಿಯಾಡುವ ಬಯಲಿನಲ್ಲಿ ಬಳಸಲಿ. ಸ್ಪಿರಿಟ್ಟನ್ನು ದೇವರ ದೀಪದಿಂದಲೂ ಒಲೆಯಿಂದಲೂ ದೂರವಿಡಬೇಕು. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಬಳಸಕೂಡದು. ಅದು ಬಣ್ಣದೊಡನೆ ಗಟ್ಟಿ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಎಣ್ಣೆಬಣ್ಣವು ಮೆತ್ತನೆಯ ಪ್ಲಾಸ್ಟಿಕ್ಕಿನ ಮೇಲೆ ಆರದೆ ಅಂಟಂಟಾಗಿ ಉಳಿಯುವುದುಂಟು. ಹೀಗೆ ಹೊಸ ಬಣ್ಣ ಬಳಿದ ಗೊಂಬೆ ನೋಡಲಿಕ್ಕೆ. ಬಾಯಿಗಿಟ್ಟುಕೊಳ್ಳುವ ಎಳೆಯ ಕೂಸುಗಳ ಕೈಗೆ ಅದನ್ನು ಕೊಡಬಾರದು. ಕೈಪಳಗಿಸಿಕೊಳ್ಳಲು ಮುರಿದ ಅಗ್ಗದ ಗೊಂಬೆಗಳೇ ಸಾಕು. ಮನೆಯಲ್ಲಿ ಉಳಿದುಬಂದ ಹಳೆಯದನ್ನು ಮುಟ್ಟುವ ಮುನ್ನ ಹಿರಿಯರೊಬ್ಬರಿಗೆ ತೋರಿಸಿ, ಒಂದು ಚಿತ್ರ ತೆಗೆದಿಟ್ಟುಕೊಳ್ಳಲಿ. ಉಂಗುರವನ್ನು ನಾಳೆಯೂ ಬದಲಿಸಬಹುದು. ಅಳಿಸಿದ ಗೆರೆಯನ್ನು ಮರಳಿ ತರಲಾಗದು.

ಇನ್ನೊಂದು ಮಾತು ನಮ್ಮಂಥ ಹಿರಿಯರಿಗೆ. ಹುಡುಗರು ನಾವು ಹಾಕಿಕೊಟ್ಟ ಬಣ್ಣದಲ್ಲಿಲ್ಲವೆಂದು ಕಂಡಾಗ ಉಜ್ಜಿ ತಿದ್ದಲು ನಮ್ಮ ಕೈ ಅವಸರಪಡುತ್ತದೆ. 1991ರಲ್ಲಿ ಅಣ್ಣನವರ ಕೈ ಅವಸರಪಟ್ಟಿತು. ಕಳೆದ ದಸರೆಯಲ್ಲಿ ಅವರ ಮಗನ ನಾಲಗೆ ಅವಸರಪಟ್ಟಿತು. ಒಮ್ಮೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, "ಇದೇನು, ಹೇಳು" ಎಂದು ಕೇಳುವುದರಿಂದ ನಮ್ಮ ಹಿರಿತನಕ್ಕೆ ಕುಂದೇನೂ ಬಾರದು.

ನಾವು ಹೊರಡುವ ದಿನ ಆ ಯೋಧನು ಜಗುಲಿಯ ಗೂಡಿನಲ್ಲಿ, ಅಣ್ಣನವರ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದನು. ಅಲ್ಲಿ ತಂದಿಟ್ಟವರು ಯಾರೆಂದು ಕೇಳಿದೆವು. ಅಣ್ಣನವರು ಪತ್ರಿಕೆಯಿಂದ ಕಣ್ಣು ಕೀಳದೆ, "ನಾನೇ" ಎಂದರು.